ಶಾಲೇಲಿ ಆಂಟಿ, ಮನೇಲಿ ಅಮ್ಮ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಮಸ್ಕಾರ. ಎರಡು ವರ್ಷದ ಆಸುಪಾಸಿನ ಮಕ್ಕಳ ಬಗ್ಗೆ ಏನಾದ್ರೂ ಕೇಳಿ ಅಂದಿದ್ದಕ್ಕೆ ಈ ಸಲ ತುಂಬಾ ಪತ್ರ ಬಂದಿವೆ, ಅದ್ರಲ್ಲೂ ನನ್ನ ಹಾಗೇ ಮಾಂಟೆಸ್ಸೊರಿ ಕೆಲ್ಸ ಮಾಡ್ಕೊಂಡು ಮನೇಲಿ ಸಣ್ಣ ಮಗು ಸಾಕ್ತಿರೋ ತಾಯಂದ್ರೇ ಜಾಸ್ತಿ ಬರೆದಿದ್ದಾರೆ. ಹೊಸಬರಿಗೋಸ್ಕರ ಹೇಳ್ತೀನಿ, ನಾನು ಬೆಂಗಳೂರಲ್ಲಿ ಎರಡೂವರೆಯಿಂದ ಆರು ವರ್ಷದ ಮಕ್ಕಳ ಜೊತೆ ಕೆಲ್ಸ ಮಾಡೋ ಮಾಂಟೆಸ್ಸೊರಿ ಟೀಚರ್, ನಮ್ಮಲ್ಲಿ ಟೀಚರ್‌ನ ಮಕ್ಕಳು ಆಂಟಿ ಅಂತಾನೇ ಕರೆಯೋದು, ಮನೇಲಿ ಎರಡು ವರ್ಷ ದಾಟಿದ ಮಗಳಿದ್ದಾಳೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನಾನೂ ಮಾಂಟೆಸ್ಸೊರಿ ಟೀಚರ್. ಮಗನಿಗೆ 22 ತಿಂಗಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಷ್ಟೊಂದು ಮಕ್ಕಳ ಜೊತೆ ಇದ್ರೂ ಒಂದು ಸಲಾನೂ ದನಿ ಏರಿಸಲ್ಲ, ಮನೆಗೆ ಬಂದ್ಮೇಲೆ ಇವನೊಬ್ಬನ ಮೇಲೆ ರೇಗಾಡ್ತೀನಿ. ಇವ್ರು "ಊರ ಮಕ್ಕಳಿಗೆಲ್ಲ ಟೀಚರ್, ನಿನ್ನ ಮಗನ್ನೇ ಸುಧಾರಿಸೋಕಾಗಲ್ಲ" ಅಂತಾರೆ. ಕೇಳಿ ಕೇಳಿ ನನಗೇ ನನ್ನ ಕೆಲ್ಸದ ಮೇಲೆ ನಂಬಿಕೆ ಹೋಗಿದೆ. (ಬೆಂಗಳೂರು)

ಉತ್ತರ: ಆ ಮಾತು ಆಡಿದವ್ರು ಒಂದು ದಿನ ನಿಮ್ಮ ಎನ್ವಿರಾನ್ಮೆಂಟ್‌ಗೆ, ಅಂದ್ರೆ ಕ್ಲಾಸಿಗೆ ಬಂದು ಮೂಲೇಲಿ ಕೂತು ನೋಡ್ಲಿ. ಅಲ್ಲಿ ಮಕ್ಕಳು ಶಾಂತವಾಗಿರೋದು ನೀವೊಬ್ರು ಶಾಂತವಾಗಿದೀರ ಅಂತಲ್ಲ, ಆ ಜಾಗಾನೇ ಹಾಗೆ ಜೋಡಿಸಿರೋದು. ಶೆಲ್ಫ್ ಮಗು ಕೈಗೆ ಎಟುಕುತ್ತೆ, ಒಂದೊಂದು ಮಟೀರಿಯಲ್ (ಮಕ್ಕಳು ಕೆಲ್ಸ ಮಾಡೋ ಕಲಿಕೆ ಸಾಮಾನು) ಒಂದೊಂದೇ ಇರುತ್ತೆ, ಬೇಕು ಅಂದ್ರೆ ಇನ್ನೊಬ್ರು ಮುಗಿಸೋ ತನಕ ಕಾಯ್ಬೇಕು, ದೊಡ್ಡ ಮಕ್ಕಳು ಮಾಡೋದನ್ನ ಚಿಕ್ಕವು ನೋಡ್ತಾವೆ, ಹೆಚ್ಚುಕಮ್ಮಿ ಮೂರು ಗಂಟೆ ಹೊತ್ತು ಯಾರೂ ಬಂದು ಬೆಲ್ ಹೊಡೆದು ನಡುವೆ ನಿಲ್ಸಲ್ಲ, ಮತ್ತೆ ಮುಖ್ಯವಾಗಿ ಆ ಹೊತ್ತಲ್ಲಿ ನಿಮ್ಮ ಒಲೆ ಮೇಲೆ ಕುಕ್ಕರ್ ಕೂಗ್ತಿರಲ್ಲ, ಫೋನ್ ಬರ್ತಿರಲ್ಲ, ಬಟ್ಟೆ ನೆನೆಸಿಟ್ಟಿರಲ್ಲ. ಮನೇಲಿ ಈ ಅನುಕೂಲ ಯಾವುದೂ ಇಲ್ಲ. ಹಾಗಿರುವಾಗ ಎರಡು ಕಡೆ ಒಂದೇ ಥರ ಇರ್ಬೇಕು ಅಂತ ಕೇಳೋದೇ ಸರಿಯಲ್ಲ.

ಇನ್ನೊಂದು, ವಯಸ್ಸು. ನಿಮ್ಮ ಹತ್ರ ಬರೋ ಮೂರು ನಾಲ್ಕು ವರ್ಷದ ಮಗು ಬೇಕಾದ್ದನ್ನ ಬಾಯಿಬಿಟ್ಟು ಹೇಳುತ್ತೆ, ಸ್ವಲ್ಪ ಕಾಯುತ್ತೆ. 22 ತಿಂಗಳ ಮಗುಗೆ ಎಲ್ಲಾ ಅರ್ಥ ಆಗುತ್ತೆ, ಹೇಳೋಕೆ ಮಾತು ಸಾಲಲ್ಲ. ಜೊತೆಗೆ ಈ ವಯಸ್ಸಲ್ಲಿ ಕ್ರಮದ ಹಸಿವು ಜೋರಾಗಿರುತ್ತೆ, ಟ್ರೈನಿಂಗ್‌ನಲ್ಲಿ ಸೆನ್ಸಿಟಿವ್ ಪೀರಿಯಡ್ ಫಾರ್ ಆರ್ಡರ್ ಅಂತ ನೀವೂ ಓದಿರ್ತೀರ. ಅಪ್ಪನ ಚಪ್ಪಲಿ ಅಜ್ಜ ಹಾಕ್ಕೊಂಡ್ರೆ ಅಳೋದು, ದಿನಾ ಹೋಗೋ ರೋಡ್ ಬಿಟ್ಟು ಬೇರೆ ರೋಡಲ್ಲಿ ಗಾಡಿ ತಿರುಗಿಸಿದ್ರೆ ಕಿರುಚೋದು, ಬಾಳೆಹಣ್ಣು ಮುರಿದು ಕೊಟ್ರೆ "ಅಂಟ್ಸು" ಅನ್ನೋದು ಎಲ್ಲಾ ಅದೇ. ಹೊರಗಿಂದ ನೋಡೋರಿಗೆ ಅದು ಹಠ, ಮಗುಗೆ ಅದು ತನಗೆ ಗೊತ್ತಿದ್ದ ಲೋಕ ಕೈ ತಪ್ಪಿ ಹೋದ ಹಾಗೆ. ಮತ್ತೆ ನೀವಿಲ್ಲದ ಹೊತ್ತಲ್ಲಿ ಅಜ್ಜಿ ಹತ್ರಾನೋ ಡೇ ಕೇರ್‌ನಲ್ಲೋ ಒಳಗೇ ಹಿಡ್ಕೊಂಡಿದ್ದ ಅಳು ಎಲ್ಲಾ ಅಮ್ಮನ್ನ ನೋಡಿದ ತಕ್ಷಣ ಹೊರಗೆ ಬರುತ್ತೆ, ಯಾಕಂದ್ರೆ ಅಲ್ಲಿ ಅತ್ರೆ ಏನೂ ಆಗಲ್ಲ ಅಂತ ಅದಕ್ಕೆ ಗೊತ್ತು. ಅದನ್ನ ಕೆಟ್ಟ ನಡತೆ ಅಂತ ದಯವಿಟ್ಟು ಓದ್ಬೇಡಿ.

ಇನ್ನು ಏನ್ ಮಾಡ್ಬೋದು. ಮನೆಗೆ ಬಂದ ತಕ್ಷಣ ಅಡುಗೆಮನೆಗೆ ಹೋಗ್ಬೇಡಿ. ಬ್ಯಾಗ್ ಇಟ್ಟು, ಕೈಕಾಲು ತೊಳ್ಕೊಂಡು, ಮಗು ಜೊತೆ ನೆಲದ ಮೇಲೆ ಕೂತ್ಕೊಳಿ, ಏನೂ ಆಡಿಸ್ಬೇಕಾಗಿಲ್ಲ, ಕಲಿಸ್ಬೇಕಾಗಿಲ್ಲ, ಅದು ತೊಡೆ ಮೇಲೆ ಬಂದ್ರೆ ಬರ್ಲಿ, ಹಾಲು ಕುಡಿಯೋ ಮಗು ಆದ್ರೆ ಕುಡೀಲಿ. ಆ ಹೊತ್ತಿಗೆ ಮಗುಗೆ ಹೊಟ್ಟೆ ಹಸಿದಿರುತ್ತೆ, ನಿಮಗೂ ಹಸಿದಿರುತ್ತೆ, ಇಬ್ರೂ ಏನಾದ್ರೂ ತಿನ್ನಿ. ಸಾಯಂಕಾಲದ ಅಳುಗಳಲ್ಲಿ ಅರ್ಧ ಹೊಟ್ಟೆಹಸಿವು ಮತ್ತೆ ನಿದ್ದೆ. ಒಂದರಿಂದ ಎರಡು ವರ್ಷದ ಮಗುಗೆ ಹಗಲು ನಿದ್ದೆ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ನಮ್ಮ ಮನೆಗಳಲ್ಲಿ ರಾತ್ರಿ ಹತ್ತೂವರೆಗೆ ಮಲಗಿ ಆರೂವರೆಗೆ ಏಳೋ ಮಕ್ಕಳು ಎಷ್ಟಿಲ್ಲ ಹೇಳಿ, ಹಗಲು ಚೆನ್ನಾಗಿ ಮಲಗದೆ ಇದ್ರೆ ಲೆಕ್ಕ ಎಲ್ಲಿ ಸೇರುತ್ತೆ.

ಸ್ಕೂಲಿಂದ ಮನೆಗೆ ತರ್ಬೋದಾದ್ದು ನನ್ನ ಪ್ರಕಾರ ಎರಡೇ. ಒಂದು, ಪ್ರೆಸೆಂಟೇಷನ್ ಕೊಡುವಾಗಿನ (ಮಗುಗೆ ಒಂದು ಕೆಲ್ಸ ಮಾಡಿ ತೋರಿಸುವಾಗಿನ) ನಿಮ್ಮ ಕೈ, ಅಂದ್ರೆ ನಿಧಾನ, ಮಾತು ಕಮ್ಮಿ. ಇನ್ನೊಂದು, ಮಗು ಏನಾದ್ರೂ ಮಾಡ್ತಾ ಮುಳುಗಿದ್ರೆ ನಡುವೆ ಬಾಯಿ ಹಾಕದೆ ಇರೋದು, "ವೆರಿ ಗುಡ್" ಅಂತ ಕೂಡ ಅನ್ನದೆ ಇರೋದು. ಬಾಕಿದ್ದನ್ನ ಅಲ್ಲೇ ಬಿಟ್ಟು ಬನ್ನಿ. ಮಗನ್ನ ಅಬ್ಸರ್ವೇಷನ್ ಬುಕ್ಕಲ್ಲಿ ಬರೆಯೋ ಮಗು ಥರ ನೋಡೋದು, ಅವನ ವಯಸ್ಸಿಗೆ ಇದು ಬಂತಾ ಅದು ಬಂತಾ ಅಂತ ಮನಸ್ಸಲ್ಲೇ ಟಿಕ್ ಹಾಕೋದು, ನಮ್ಮ ಕೆಲ್ಸದವ್ರಿಗೆ ಇದೊಂದು ಅಭ್ಯಾಸ ಅಂಟಿಕೊಂಡಿರುತ್ತೆ, ಅದರಿಂದಾನೇ ಅರ್ಧ ರೇಗಾಟ. ಅವನಿಗೆ ಬೇಕಾಗಿರೋದು ಅಮ್ಮ.

ಎಲ್ಲಾ ಮಾಡಿದ್ಮೇಲೂ ಒಂದು ದಿನ ಜೋರಾಗಿ ಕಿರುಚಿಬಿಟ್ರೆ, ಸ್ವಲ್ಪ ಹೊತ್ತು ಬಿಟ್ಟು ಹತ್ರ ಕೂತು "ಅಮ್ಮಂಗೆ ಸುಸ್ತಾಗಿತ್ತು ಕಂದ, ಜೋರಾಗಿ ಮಾತಾಡ್ಬಿಟ್ಟೆ" ಅಂತ ಹೇಳಿ ಸಾಕು. ಮತ್ತೆ ಮನೆಯವ್ರಿಗೆ ನೇರವಾಗಿ ಒಂದು ಮಾತು ಹೇಳ್ಬೇಕು, ಸಾಯಂಕಾಲದ ಅಡುಗೆನೋ ಮಗುನೋ ಒಂದನ್ನ ನೀವು ಹಿಡ್ಕೊಳಿ ಅಂತ. ಎರಡೂ ಹೆಂಡತಿ ತಲೆ ಮೇಲೆ ಹಾಕಿ ಆಮೇಲೆ ಟೀಚರ್ ಅಂತೆ ಅನ್ನೋದು ಅನ್ಯಾಯ, ನನಗೆ ಇದನ್ನ ಮೆತ್ತಗೆ ಬರೆಯೋಕೆ ಬರಲ್ಲ.

ಪ್ರಶ್ನೆ: ಆನ್‌ಲೈನಲ್ಲಿ ಪಿಂಕ್ ಟವರ್, ಸಿಲಿಂಡರ್ ಬ್ಲಾಕ್ ಎಲ್ಲಾ ಸೇರಿಸಿ ಒಂದು ಹೋಮ್ ಕಿಟ್ ಅಂತ ಮಾರ್ತಿದಾರೆ. ಮಗಳಿಗೆ ಎರಡು ವರ್ಷ. ತಗೊಳೋದಾ? (ತುಮಕೂರು)

ಉತ್ತರ: ಬೇಡ. ದುಡ್ಡು ಉಳಿಸಿ.

ಪಿಂಕ್ ಟವರ್ ಅಂದ್ರೆ ಹತ್ತು ಮರದ ಕ್ಯೂಬ್, ದೊಡ್ಡದು 10 ಸೆಂಟಿಮೀಟರ್, ಚಿಕ್ಕದು ಬರೀ 1 ಸೆಂಟಿಮೀಟರ್. ಆ ಚಿಕ್ಕದು ಸೀದಾ ಬಾಯಿಗೆ ಹೋಗುತ್ತೆ, ಗಂಟಲಿಗೆ ಸಿಕ್ಕೊಳೋ ಸೈಜು. ಅದಕ್ಕಿಂತ ದೊಡ್ಡ ಕಾರಣ, ಅದು ಮೂರು ವರ್ಷದ ಹತ್ರ ಬಂದ ಮಗುಗೆ, ಸುತ್ತ ಬೇರೆ ಮಟೀರಿಯಲ್, ಬೇರೆ ಮಕ್ಕಳು ಇರೋ ಜಾಗದಲ್ಲಿ ಕೆಲ್ಸ ಮಾಡೋ ವಸ್ತು. ಮನೇಲಿ ಟಿವಿ ಸ್ಟ್ಯಾಂಡ್ ಪಕ್ಕ ಇಟ್ರೆ ಎರಡು ದಿನ ಗೋಪುರ ಕಟ್ಟಿ ಬೀಳಿಸಿ ಆಮೇಲೆ ಸೋಫಾ ಕೆಳಗೆ ಸೇರುತ್ತೆ, ಮುಂದೆ ಸ್ಕೂಲಲ್ಲಿ ಅದನ್ನ ನೋಡಿದಾಗ ಹೊಸದು ಅನ್ನೋ ಆಸೆನೂ ಇರಲ್ಲ.

ನಿಮ್ಮ ಮನೇಲೇ ಇಪಿಎಲ್ ತುಂಬಿ ತುಳುಕ್ತಿದೆ. ಎಕ್ಸರ್ಸೈಸಸ್ ಆಫ್ ಪ್ರಾಕ್ಟಿಕಲ್ ಲೈಫ್ ಅಂತಾರೆ, ಅಂದ್ರೆ ಮನೆಗೆಲ್ಸ. ಮಾಂಟೆಸ್ಸೊರಿ ಪದ್ಧತೀಲಿ ಸೆನ್ಸೋರಿಯಲ್ (ಕಣ್ಣು, ಕೈ, ಕಿವಿ ಪಳಗಿಸೋ), ಗಣಿತದ ಮಟೀರಿಯಲ್ ಎಲ್ಲಾ ದೇಶದಲ್ಲೂ ಒಂದೇ ಅಳತೆ, ಆದ್ರೆ ಇದೊಂದು ಭಾಗ ಮಾತ್ರ ಆಯಾ ಊರಿನ ಬದುಕಿಗೆ ತಕ್ಕ ಹಾಗೆ ಇರ್ಬೇಕು ಅಂತಾನೇ ಇರೋದು. ನಮ್ಮೂರಿನ ಬದುಕಲ್ಲಿ ಅವರೆಕಾಳಿದೆ! ಡಿಸೆಂಬರ್ ಜನವರೀಲಿ ಸೊಗಡವರೆ ಬಂದಾಗ ರಾತ್ರಿ ನೆನೆಸಿದ ಕಾಳನ್ನ ಒಂದು ಬಟ್ಟಲಲ್ಲಿ ಕೊಟ್ಟು ಎದುರಿಗೆ ಕೂತ್ಕೊಳಿ, ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಹಿತುಕಿದ್ರೆ ಬೇಳೆ ಟಪ್ ಅಂತ ಹಾರುತ್ತೆ, ಎರಡು ವರ್ಷದ ಮಗು ಅದನ್ನ ನೋಡಿ ಎಷ್ಟು ಹೊತ್ತು ಕೂರುತ್ತೆ ಅಂದ್ರೆ ನಿಮಗೇ ಆಶ್ಚರ್ಯ ಆಗುತ್ತೆ. ಸಿಲಿಂಡರ್ ಬ್ಲಾಕಲ್ಲಿ ಮರದ ತೂತುಗಳಿಗೆ ಕೂರಿಸೋ ತುಂಡುಗಳ ಪುಟ್ಟ ಹಿಡಿ ಹಿಡಿಯೋದೂ ಇದೇ ಬೆರಳುಗಳಲ್ಲೇ, ನಾಳೆ ಪೆನ್ಸಿಲ್ ಹಿಡಿಯೋದೂ ಇದ್ರಲ್ಲೇ. ಒಂದೇ ಎಚ್ಚರ, ಕಾಳಿನ ಕೆಲ್ಸ ಅಂದ್ರೆ ನೀವು ಪಕ್ಕದಲ್ಲೇ ಇರ್ಬೇಕು, ಬಾಯಿಗೂ ಹೋಗುತ್ತೆ ಮೂಗಿಗೂ ಹೋಗುತ್ತೆ, ಎದ್ದು ಹೋಗೋದಾದ್ರೆ ಬಟ್ಟಲೂ ಜೊತೇಲೇ ಹೋಗ್ಬೇಕು. ಹಾಗೇ ತಿನ್ನೋಕೆ ಇಡೀ ಶೇಂಗಾ, ಇಡೀ ದ್ರಾಕ್ಷಿ ಈ ವಯಸ್ಸಿಗೆ ಕೊಡಲೇಬೇಡಿ, ದ್ರಾಕ್ಷಿನ ಉದ್ದಕ್ಕೆ ಸೀಳಿ ಕೊಡಿ.

ಅವರೆ ಸೀಸನ್ ಇಲ್ಲದಿದ್ರೆ ಮೆಂತ್ಯ ಸೊಪ್ಪು ಬಿಡಿಸೋದು, ಟೊಮ್ಯಾಟೊ ತೊಳೆಯೋದು, ಚಪಾತಿ ಹಿಟ್ಟಲ್ಲಿ ಒಂದು ಉಂಡೆ, ಒಣಗಿದ ಬಟ್ಟೆ ರಾಶೀಲಿ ಕರ್ಚೀಫ್ ಹುಡುಕಿ ಮಡಚೋದು, ತುಳಸಿ ಗಿಡಕ್ಕೆ ಸಣ್ಣ ಚೊಂಬಲ್ಲಿ ನೀರು. ಚೊಂಬು ಸಣ್ಣದಿರ್ಲಿ, ಅರ್ಧಾನೇ ತುಂಬಿಸಿ. ನೀರು ಚೆಲ್ಲುತ್ತೆ, ಅದಕ್ಕೆ ಒಂದು ಒರೆಸೋ ಬಟ್ಟೆ ಅದರ ಕೈಗೆ ಸಿಗೋ ಹಾಗೆ ಮೊಳೆಗೆ ನೇತು ಹಾಕಿ, ಚೆಲ್ಲೋದಕ್ಕಿಂತ ಒರೆಸೋದೇ ಅದಕ್ಕೆ ಇಷ್ಟ ಆಗುತ್ತೆ. ಹಳೇ ಕಸಬರಿಗೆ ಕಟ್ ಮಾಡಿ ಚಿಕ್ಕದು ಮಾಡಿ ಕೊಡಿ. ಆಟದ ಸಾಮಾನು ಕೊಳ್ಳಲೇಬೇಕು ಅಂತಿದ್ರೆ ಚನ್ನಪಟ್ಟಣದ ಮರದ ಬೊಂಬೆ ತಗೊಳಿ, ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿರ್ತಾರೆ, ಕೈಗೆ ನುಣುಪಾಗಿರುತ್ತೆ. ಕೋಲಿಗೆ ಬಳೆ ಪೋಣಿಸೋ ಥರದ್ದು ಈ ವಯಸ್ಸಿಗೆ ಚೆನ್ನಾಗಿ ಒಗ್ಗುತ್ತೆ, ಸಣ್ಣ ತುಂಡು ಕಿತ್ತು ಬರಲ್ಲ ಅಂತ ಮಾತ್ರ ನೋಡ್ಕೊಳಿ.

ಪ್ರಶ್ನೆ: ನನಗೆ 64 ವರ್ಷ. ಸೊಸೆ ಮಾಂಟೆಸ್ಸೊರಿ ಶಾಲೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಒಂದೂವರೆ ವರ್ಷದ ಮೊಮ್ಮಗಳನ್ನು ನಾನೇ ನೋಡಿಕೊಳ್ಳುವುದು. ಈಗ ಕೈತುತ್ತು ಕೊಡಬೇಡಿ, ಅವಳೇ ತಿನ್ನಲಿ ಅನ್ನುತ್ತಾಳೆ. ಮೂರು ಮಕ್ಕಳನ್ನು ಸಾಕಿದ ಕೈ ಇದು. ಮಗು ಅನ್ನವೆಲ್ಲ ಮೈಗೆ ಮೆತ್ತಿಕೊಂಡು ಅರ್ಧ ಹೊಟ್ಟೆಯಲ್ಲಿ ಏಳುತ್ತದೆ, ನೋಡಲಾಗುವುದಿಲ್ಲ. (ಶಿವಮೊಗ್ಗ)

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ನೀವಿರೋದಕ್ಕೇ ನಿಮ್ಮ ಸೊಸೆ ಧೈರ್ಯವಾಗಿ ಬಾಗಿಲು ದಾಟಿ ಕೆಲ್ಸಕ್ಕೆ ಹೋಗ್ತಿರೋದು, ನನ್ನ ಮಗಳೂ ನಮ್ಮತ್ತೆ ಮಡಿಲಲ್ಲೇ ಬೆಳೀತಿರೋದು, ಹಾಗಾಗಿ ಇದನ್ನ ನಾನು ಸೊಸೆಯಾಗೂ ಬರೀತಿದೀನಿ.

ಕೈತುತ್ತು ಬಿಡ್ಬೇಡಿ. ಯಾವ ಪದ್ಧತಿನೂ ಅಜ್ಜಿ ಕೈತುತ್ತನ್ನ ಕಿತ್ಕೊಳೋ ಹಾಗಿಲ್ಲ. ಆದ್ರೆ ಊಟದ ಮೊದಲನೇ ಭಾಗ ಮಗುಗೆ ಬಿಟ್ಟುಕೊಡಿ. ಹಸಿವು ಜೋರಾಗಿರೋವಾಗ ಮಗು ತಾನಾಗೇ ಕೈ ಹಾಕುತ್ತೆ, ಆಗ ತಟ್ಟೇಲಿ ಕೈಗೆ ಸಿಗೋ ಅಂಥದ್ದು ಇರ್ಲಿ, ಇಡ್ಲಿ ತುಂಡು, ಮೆತ್ತಗೆ ಬೇಯಿಸಿದ ಕ್ಯಾರೆಟ್, ತುಪ್ಪ ಹಾಕಿ ಗಟ್ಟಿಯಾಗಿ ಕಲಸಿದ ಅನ್ನದ ಪುಟ್ಟ ಉಂಡೆಗಳು. ತಿಳಿಸಾರನ್ನ ಕೊಟ್ರೆ ಮೈಗೇ ಹೋಗೋದು, ಅದನ್ನ ನೀವೇ ತಿನ್ನಿಸಿ. ಮಗು ನಿಧಾನ ಮಾಡೋಕೆ ಶುರು ಮಾಡಿದಾಗ ನಿಮ್ಮ ತುತ್ತು, ಕಥೆ, ಚಂದಮಾಮ ಎಲ್ಲಾ ಬರ್ಲಿ. ಬಾಯಿ ಮುಚ್ಚಿ ತಲೆ ತಿರುಗಿಸಿದ್ರೆ ಅಲ್ಲಿಗೆ ಮುಗೀತು, ಇನ್ನೊಂದೇ ತುತ್ತು ಅಂತ ಹಿಂದೆ ಹೋಗೋದು ಬೇಡ, ಈ ಮಾತಲ್ಲಿ ನಾನು ನಿಮ್ಮ ಸೊಸೆ ಕಡೆ. ಒಂದು ಹೊತ್ತು ಕಮ್ಮಿ ತಿಂದ ಆರೋಗ್ಯವಾಗಿರೋ ಮಗು ಮುಂದಿನ ಹೊತ್ತಿಗೆ ಸರಿ ಮಾಡ್ಕೊಳುತ್ತೆ. ತೂಕ ಏರ್ತಾನೇ ಇಲ್ಲ ಅನ್ಸಿದ್ರೆ ಮಾತ್ರ ಮಕ್ಕಳ ಡಾಕ್ಟರ್‌ಗೆ ತೋರಿಸಿ. ಮೊಬೈಲ್ ತೋರಿಸಿ ತಿನ್ನಿಸೋದು ನಿಮ್ಮ ಪತ್ರದಲ್ಲಿಲ್ಲ, ಅದಕ್ಕೆ ನನಗೆ ಖುಷಿ ಆಯ್ತು. ಎರಡು ವರ್ಷ ತುಂಬೋ ತನಕ ಅದು ಬೇಡವೇ ಬೇಡ.

ನಿಮ್ಮ ಸೊಸೆ ಇದನ್ನ ಓದಿದ್ರೆ ಅವಳಿಗೂ ಒಂದು ಮಾತು. ಟ್ರೈನಿಂಗಲ್ಲಿ ಕಲಿತದ್ದನ್ನ ಅತ್ತೆಗೆ ರೂಲ್ಸ್ ಥರ ಹೇಳ್ಬೇಡಮ್ಮ, ಭಾನುವಾರ ನೀನೇ ಮಗು ಜೊತೆ ಕೂತು ಮಾಡು, ಅವರು ನೋಡ್ತಾರೆ.

ಪ್ರಶ್ನೆ: ನಾನು ಆಂಟಿಯಾಗಿರೋ ಮಾಂಟೆಸ್ಸೊರಿ ಸ್ಕೂಲಲ್ಲೇ ಮಗಳನ್ನೂ ಸೇರ್ಸಿದೀನಿ, ಅವಳಿಗೆ ಎರಡು ವರ್ಷ ಏಳು ತಿಂಗಳು. ಫೀಸಲ್ಲಿ ರಿಯಾಯಿತಿ ಇದೆ, ಬೇರೆ ಕಡೆ ಹಾಕೋ ಶಕ್ತಿ ಇಲ್ಲ. ಬೇರೆ ಮಗು ನನ್ನ ಪಕ್ಕ ಕೂತ್ರೆ ಬಂದು ತಳ್ತಾಳೆ, "ನನ್ ಅಮ್ಮ" ಅಂತ ಅಳ್ತಾಳೆ. ಸ್ಕೂಲಲ್ಲಿ ಆಂಟಿ ಅನ್ನು ಅಂದ್ರೂ ಕೇಳಲ್ಲ. (ಮೈಸೂರು)

ಉತ್ತರ: ಆಂಟಿ ಅನ್ನು ಅಂತ ಬಲವಂತ ಮಾಡ್ಬೇಡಿ. ಅವಳು ಎಲ್ಲರ ಮುಂದೆ ಅಮ್ಮ ಅಂತಾನೇ ಕರೀಲಿ, ಉಳಿದ ಮಕ್ಕಳಿಗೆ ಅದು ಒಂದು ವಾರದಲ್ಲಿ ಅಭ್ಯಾಸ ಆಗುತ್ತೆ, ಅವರಿಗೂ ಗೊತ್ತಿರುತ್ತೆ ಆಂಟಿಗೂ ಮಗು ಇರುತ್ತೆ ಅಂತ. ಅವಳಿಗೆ ಮಾತ್ರ ಹೆಸರು ಬದಲಾಯಿಸು ಅಂದ್ರೆ ನೀನು ಇಲ್ಲಿ ನನ್ನ ಮಗಳಲ್ಲ ಅಂದ ಹಾಗೆ ಕೇಳ್ಸುತ್ತೆ.

ನಿಮ್ಮ ಸ್ಕೂಲಲ್ಲಿ ಎರಡು ಎನ್ವಿರಾನ್ಮೆಂಟ್ ಇದ್ರೆ ಹೆಡ್ ಹತ್ರ ಮಾತಾಡಿ ಅವಳನ್ನ ಇನ್ನೊಂದ್ರಲ್ಲಿ ಕೂರಿಸಿ, ಇದ್ರಲ್ಲಿ ಎರಡು ಮಾತಿಲ್ಲ, ಹೆಚ್ಚಿನ ಕಡೆ ಹಾಗೇ ಮಾಡೋದು. ಒಂದೇ ಇದ್ರೆ, ಜೊತೆ ಕೆಲ್ಸ ಮಾಡೋ ಆಂಟಿನ ಕೇಳ್ಕೊಳಿ, ಮಗಳಿಗೆ ಪ್ರೆಸೆಂಟೇಷನ್ ಕೊಡೋದು, ಅತ್ತಾಗ ಎತ್ಕೊಳೋದು, ಬಾತ್ರೂಮಿಗೆ ಕರ್ಕೊಂಡು ಹೋಗೋದು ಎಲ್ಲಾ ಅವರದ್ದು. ಬೆಳಿಗ್ಗೆ ಮಕ್ಕಳು ಬರೋ ಮುಂಚೆ ಹೊರಗೆ ಒಂದೈದು ನಿಮಿಷ ತೊಡೆ ಮೇಲೆ ಕೂರಿಸ್ಕೊಂಡು "ಈಗ ಅಮ್ಮ ಎಲ್ಲಾ ಮಕ್ಕಳ ಜೊತೆ ಕೆಲ್ಸ ಮಾಡ್ತಾಳೆ, ಊಟ ಆದ್ಮೇಲೆ ನಾವಿಬ್ರೇ ಮನೆಗೆ ಹೋಗೋದು" ಅಂತ ದಿನಾ ಅದೇ ಮಾತು ಅದೇ ಥರ ಹೇಳಿ. ಕೆಲವು ವಾರ ಬೇಕು. ತಳ್ಳೋಕೆ ಬಂದಾಗ ಕೈ ಹಿಡಿದು ನಿಲ್ಸಿ, ಬೈಯೋದು ಬೇಡ.

ನಾನು ಕಂಡಿರೋ ಒಂದು ವಿಷ್ಯ ಬರೀಲೇಬೇಕು. ಪಕ್ಷಪಾತ ಅಂತ ಯಾರಾದ್ರೂ ಅಂದಾರು ಅನ್ನೋ ಭಯಕ್ಕೆ ನಮ್ಮಲ್ಲಿ ಎಷ್ಟೋ ತಾಯಂದ್ರು ಸ್ವಂತ ಮಗು ಮೇಲೇ ಜಾಸ್ತಿ ಬಿಗಿ ಮಾಡ್ತಾರೆ, ಬೇರೆ ಮಗು ನೀರು ಚೆಲ್ಲಿದ್ರೆ ನಗ್ತಾರೆ, ತಮ್ಮ ಮಗು ಚೆಲ್ಲಿದ್ರೆ ಕಣ್ಣು ಬಿಡ್ತಾರೆ. ಆ ಮಗುಗೆ ಅಲ್ಲಿ ಆಂಟಿನೂ ಸಿಗಲ್ಲ ಅಮ್ಮನೂ ಸಿಗಲ್ಲ. ಅದೊಂದು ಆಗದ ಹಾಗೆ ನೋಡ್ಕೊಳಿ.

ಫೀಸ್ ವಿಷ್ಯದಲ್ಲಿ ಮುಜುಗರ ಪಡೋದೇನಿಲ್ಲ. ಈ ಕೆಲ್ಸದ ಸಂಬಳ ಎಷ್ಟು ಅಂತ ನಮಗೆಲ್ಲಾ ಗೊತ್ತು. 50 ಅಥವಾ ಜಾಸ್ತಿ ಉದ್ಯೋಗಿಗಳಿರೋ ಕಡೆ ಮಕ್ಕಳನ್ನ ನೋಡ್ಕೊಳೋ ಕ್ರೆಶ್ ಇರ್ಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದ್ರು, ಅದೇ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆನ 26 ವಾರಕ್ಕೆ ಏರಿಸಿದ್ದು. ನಮ್ಮ ಸ್ಕೂಲುಗಳು ಹೆಚ್ಚಿನವು ಹತ್ತೋ ಹದಿನೈದೋ ಜನರವು, ಕ್ರೆಶ್ ರೂಲಿಗೆ ಸಿಗಲ್ಲ. ಊರ ಮಕ್ಕಳನ್ನ ನೋಡ್ಕೊಳೋಳಿಗೆ ತನ್ನ ಮಗುನ ಬಿಡೋಕೆ ಜಾಗ ಇಲ್ಲ, ಇದು ನನಗೆ ಯಾವಾಗಲೂ ಹೊಟ್ಟೆ ಉರಿಸೋ ವಿಷ್ಯ. ಇಬ್ಬರು ಮೂವರು ಟೀಚರ್‌ಗಳಿಗೆ ಸಣ್ಣ ಮಕ್ಕಳಿದ್ರೆ ಒಟ್ಟಿಗೆ ಹೋಗಿ ಮ್ಯಾನೇಜ್‌ಮೆಂಟನ್ನ ಕೇಳಿ, ಒಂದು ರೂಮು, ಒಬ್ಬರು ಆಯಾ ಸಾಕು. ಒಬ್ಬೊಬ್ರೇ ಕೇಳಿದ್ರೆ ಕೊಡಲ್ಲ.

ಪ್ರಶ್ನೆ: ನಾನು ಅಂಗನವಾಡಿ ಟೀಚರ್. ನನ್ನ ಮಗನಿಗೂ ಎರಡು ವರ್ಷ, ಜೊತೇಲೇ ಕರ್ಕೊಂಡು ಹೋಗ್ತೀನಿ. ಮಾಂಟೆಸ್ಸೊರಿ ಅಂದ್ರೆ ದುಡ್ಡಿದ್ದವರದ್ದು ಅಲ್ವಾ ಮೇಡಂ, ನಮ್ಮಂಥೋರಿಗೆ ಅದ್ರಲ್ಲಿ ಏನಾದ್ರೂ ಇದ್ಯಾ? (ತಿ. ನರಸೀಪುರ)

ಉತ್ತರ: ಅಕ್ಕ, ಇದು ಶುರುವಾಗಿದ್ದೇ ದುಡ್ಡಿಲ್ಲದವರ ಕೇರೀಲಿ. 1907ರ ಜನವರಿ 6ಕ್ಕೆ ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೇಲಿ, ಅಪ್ಪ ಅಮ್ಮ ಇಬ್ರೂ ಕೂಲಿಗೆ ಹೋದ್ರೆ ದಿನವಿಡೀ ಮೆಟ್ಟಿಲ ಮೇಲೆ ಓಡಾಡ್ಕೊಂಡು ಗೋಡೆ ಗೀಚ್ತಿದ್ದ ಮಕ್ಕಳಿಗೋಸ್ಕರ ಮರಿಯಾ ಮಾಂಟೆಸ್ಸೊರಿ ಮೊದಲನೇ ಮಕ್ಕಳ ಮನೆ ತೆಗೆದಿದ್ದು. ಅವರು ಡಾಕ್ಟರ್. 1931ರಲ್ಲಿ ಗಾಂಧೀಜಿ ಲಂಡನ್ನಲ್ಲಿ ಅವರ ಟ್ರೈನಿಂಗ್ ಕಾಲೇಜಿಗೆ ಹೋದಾಗ, ಇದು ಉಳ್ಳವರ ಮಕ್ಕಳಿಗಷ್ಟೇ ಅಲ್ಲ, ಕಡುಬಡವರ ಮಕ್ಕಳಿಗೂ ಸಿಗೋ ಹಾಗಾಗ್ಲಿ ಅನ್ನೋ ಆಸೆನೇ ಹೇಳಿದ್ದು. 1939ರಲ್ಲಿ ಮಾಂಟೆಸ್ಸೊರಿ ಮದ್ರಾಸಿನ ಅಡ್ಯಾರ್‌ಗೆ ಟ್ರೈನಿಂಗ್ ಕೊಡೋಕೆ ಬಂದ್ರು, ಅಷ್ಟರಲ್ಲಿ ಯುದ್ಧ ಜೋರಾಯ್ತು, ಇಟಲಿಯವರು ಅಂತ ಬ್ರಿಟಿಷರು ಮಗ ಮಾರಿಯೊ ಅವರನ್ನ ಕೆಲವು ತಿಂಗಳು ಬಂಧನದಲ್ಲಿಟ್ರು, ತಾಯಿ ಮಗ 1946ರ ತನಕ ಇಲ್ಲೇ ಉಳಿದ್ರು, ಕೊಡೈಕನಾಲ್‌ನಲ್ಲೂ ಇದ್ರು. ಆ ಕಾಲದಲ್ಲಿ ತಯಾರಾದವರಿಂದಾನೇ ನಮ್ಮ ದೇಶದಲ್ಲಿ ಇದು ಹರಡಿದ್ದು.

ಅದಕ್ಕಿಂತ ನಿಮಗೆ ಹತ್ರ ಅನ್ಸೋದು ತಾರಾಬಾಯಿ ಮೋಡಕ್ ಅವರ ಕೆಲ್ಸ. ಅವರು ಮೊದಲು ಗುಜರಾತಿನ ಭಾವನಗರದಲ್ಲಿ ಮಕ್ಕಳ ಶಾಲೆ ನಡೆಸ್ತಿದ್ದ ಗಿಜುಭಾಯಿ ಬಧೇಕಾ ಅವರ ಜೊತೆ ಇದ್ದು, 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಅನ್ನೋ ಹಳ್ಳೀಲಿ, ಆಮೇಲೆ ಅನುತಾಯಿ ವಾಘ್ ಜೊತೆ ಕೋಸ್ಬಾಡ್‌ನ ಆದಿವಾಸಿ ಮಕ್ಕಳ ನಡುವೆ ಬಾಲವಾಡಿ ನಡೆಸಿದ್ರು. ದುಬಾರಿ ಮಟೀರಿಯಲ್ ಬದಲು ಬೀಜ, ಕಲ್ಲು, ಚಿಪ್ಪು, ಎಲೆ. ಮಕ್ಕಳು ಬರ್ದಿದ್ರೆ ಅವರ ಮನೆ ಅಂಗಳಕ್ಕೇ ಹೋದ್ರು, ಅಂಗನವಾಡಿ ಅನ್ನೋದು ಅಲ್ಲಿಂದ ಬಂದಿದ್ದು. ನಿಮ್ಮ ತಿ. ನರಸೀಪುರದಲ್ಲೇ ಅಲ್ವಾ 1975ರ ಅಕ್ಟೋಬರ್ 2ಕ್ಕೆ ನಮ್ಮ ರಾಜ್ಯದ ಮೊದಲನೇ ಐಸಿಡಿಎಸ್, ಅಂದ್ರೆ ಅಂಗನವಾಡಿಗಳನ್ನ ನಡೆಸೋ ಯೋಜನೆ ಶುರುವಾಗಿದ್ದು. 2024ರಲ್ಲಿ ಬೆಂಗಳೂರಲ್ಲಿ ಕೆಲವು ಅಂಗನವಾಡಿಗಳಿಗೆ ಸರ್ಕಾರಿ ಮಾಂಟೆಸ್ಸೊರಿ ಅಂತ ಹೆಸರಿಟ್ಟು ನಡೆಸೋಕೆ ಶುರು ಮಾಡಿದ್ರು. ಹಾಗಾಗಿ ಇದು ನಿಮ್ಮದೂ ಹೌದು ಅಕ್ಕ, ಯಾರೂ ನಿಮಗೆ ದಾನ ಕೊಡ್ತಿಲ್ಲ.

ನಿಮ್ಮ ಜಾಗದಲ್ಲಿ ಮಾಡ್ಬೋದಾದ್ದು: ಸಾಮಾನನ್ನ ಬೀರು ಒಳಗೆ ಬೀಗ ಹಾಕಿ ಇಡೋ ಬದಲು ನಾಲ್ಕೈದನ್ನಾದ್ರೂ ಮಕ್ಕಳ ಕೈಗೆ ಸಿಗೋ ಹಾಗೆ ತಗ್ಗಲ್ಲಿ ಜೋಡಿಸಿ, ತಗೊಂಡವ್ರೇ ವಾಪಸ್ ಇಡ್ಲಿ. ಊಟದ ತಟ್ಟೆ ಹಂಚೋದು, ಚಾಪೆ ಸುತ್ತೋದು ದೊಡ್ಡ ಮಕ್ಕಳಿಗೆ ಬಿಡಿ. ನಿಮ್ಮ ಮಗ ಅವರನ್ನ ನೋಡ್ತಾನೇ ಕಲೀತಾನೆ. ಮೂರರಿಂದ ಆರು ವರ್ಷದವರು ಒಟ್ಟಿಗೆ ಇರೋದು ನಿಮಗೆ ಮೊದಲೇ ಇದೆ, ಎಷ್ಟೋ ದುಬಾರಿ ಪ್ರೀಸ್ಕೂಲಲ್ಲಿ ಅದೂ ಇರಲ್ಲ. ಮಾಂಟೆಸ್ಸೊರಿ ಅನ್ನೋ ಹೆಸರನ್ನ ಯಾರು ಬೇಕಾದ್ರೂ ಬೋರ್ಡಿಗೆ ಹಾಕ್ಕೋಬೋದು. ಬೇರೆ ಓದುಗರೂ ಇದನ್ನ ನೆನಪಿಟ್ಕೊಳಿ, ಅಡ್ಮಿಷನ್‌ಗೆ ಹೋದಾಗ ಬೋರ್ಡ್ ನೋಡ್ಬೇಡಿ, ಕ್ಲಾಸ್ ನಡೀತಿರೋವಾಗ ಒಳಗೆ ಹೋಗಿ ನೋಡ್ತೀವಿ ಅನ್ನಿ, ಬೇರೆ ಬೇರೆ ವಯಸ್ಸಿನವರು ಒಂದೇ ಕಡೆ ಇದಾರಾ, ಮಗು ತಾನೇ ಆರಿಸ್ಕೊಂಡು ಕೆಲ್ಸ ಮಾಡ್ತಿದ್ಯಾ, ಆಂಟಿಗಳು ಎಲ್ಲಿ ಟ್ರೈನಿಂಗ್ ಮಾಡಿದ್ರು ಅಂತ ಕೇಳಿ.

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಮ್ಮ ಹುಡುಗಗ ಎರಡು ವರ್ಷ ತುಂಬಾಕ ಬಂತು, ಇನ್ನೂ ಎಬಿಸಿಡಿ ಬರಂಗಿಲ್ಲ. ಬಾಜೂ ಮನಿ ಹುಡುಗಿ ಇಪ್ಪತ್ತರ ತನಕ ಎಣಸ್ತಾಳ. ಇವ ಅಪ್ಪಾ, ಅವ್ವಾ, ನೀರು ಅಂತ ನಾಕೈದು ಮಾತಷ್ಟ ಆಡ್ತಾನ. ಮಾಂಟೆಸ್ಸೊರಿ ಸಾಲಿಗೆ ಹಾಕಿದ್ರ ಲಗೂನ ಕಲೀತಾನೇನ್ರೀ? (ಹುಬ್ಬಳ್ಳಿ)

ಉತ್ತರ: ಸರ್, ಎಬಿಸಿಡಿ ಪೂರ್ತಿ ಮರೆತುಬಿಡಿ. ಎರಡು ವರ್ಷದ ಮಗು ಇಪ್ಪತ್ತರ ತನಕ ಹೇಳೋದು ಹಾಡು ಹೇಳಿದ ಹಾಗೆ, ಎಣಿಕೆ ಅಲ್ಲ. ನಮ್ಮಲ್ಲಿ ಸ್ಯಾಂಡ್ ಪೇಪರ್ ಅಕ್ಷರ ಬೆರಳಲ್ಲಿ ತೀಡೋಕೆ ಶುರು ಮಾಡೋದೇ ಮೂರು ದಾಟಿದ್ಮೇಲೆ, ಅದೂ ಮೊದಲು ಶಬ್ದ ಕಿವಿಗೆ ಚೆನ್ನಾಗಿ ಬಿದ್ದಿದ್ರೆ.

ಆದ್ರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಎರಡು ವರ್ಷಕ್ಕೆ ನಾಲ್ಕೈದು ಮಾತು ಕಮ್ಮಿ ಸರ್. ಸಾಮಾನ್ಯವಾಗಿ ಆ ಹೊತ್ತಿಗೆ ಐವತ್ತರ ಹತ್ರ ಮಾತು ಬಂದಿರುತ್ತೆ, "ಅಪ್ಪಾ ಬಾ", "ನೀರು ಬೇಕು" ಅಂತ ಎರಡೆರಡು ಮಾತು ಸೇರಿಸ್ತಿರ್ತಾರೆ. ಗಂಡು ಹುಡುಗರು ತಡ, ಅವರಪ್ಪನೂ ತಡವಾಗೇ ಮಾತಾಡಿದ್ದು ಅಂತ ಮನೇಲಿ ಹೇಳ್ತಾರೆ, ಎಷ್ಟೋ ಮಕ್ಕಳಿಗೆ ಆಮೇಲೆ ತಾನಾಗೇ ಬರುತ್ತೆ ಕೂಡ, ಆದ್ರೂ ಅದನ್ನ ನಂಬ್ಕೊಂಡು ಕಾಯ್ಬೇಡಿ. ಮೊದಲು ಮಕ್ಕಳ ಡಾಕ್ಟರ್‌ಗೆ ತೋರಿಸಿ ಕಿವಿ ಟೆಸ್ಟ್ ಮಾಡಿಸಿ, ಪದೇಪದೇ ಶೀತ ಆಗಿ ಕಿವಿ ಒಳಗೆ ನೀರು ತುಂಬಿದ್ರೂ ಮಾತು ತಡ ಆಗುತ್ತೆ. ಹೆಸರು ಹಿಡಿದು ಕರೆದ್ರೆ ತಿರುಗ್ತಾನಾ, ಬೆರಳು ಮಾಡಿ ತೋರಿಸ್ತಾನಾ, ಹೇಳಿದ್ದು ಅರ್ಥ ಆಗುತ್ತಾ ಅಂತ ಗಮನಿಸಿ ಡಾಕ್ಟರ್‌ಗೆ ಹೇಳಿ. ಹುಬ್ಬಳ್ಳೀಲೇ ಸ್ಪೀಚ್ ಥೆರಪಿಸ್ಟ್ ಸಿಗ್ತಾರೆ, ಇನ್ನೂ ನೋಡ್ಬೇಕು ಅನ್ಸಿದ್ರೆ ಮೈಸೂರಲ್ಲಿ 1965ರಿಂದ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು, ಇಡೀ ದೇಶದಿಂದ ಜನ ಬರ್ತಾರೆ. ಬೇಗ ತೋರಿಸಿದಷ್ಟೂ ಒಳ್ಳೇದು. ಮನೇಲಿ ಮೊಬೈಲು ಟಿವಿ ಪಕ್ಕಕ್ಕಿಟ್ಟು ನಿಮ್ಮ ಹುಬ್ಬಳ್ಳಿ ಮಾತಲ್ಲೇ ಅವನ ಜೊತೆ ಮಾತಾಡಿ, ರೊಟ್ಟಿ ಬಡಿಯುವಾಗ ಅವರವ್ವ ಹಿಟ್ಟು, ಹಂಚು, ಬಿಸಿ ಅಂತ ಹೇಳ್ತಾ ಹೋಗ್ಲಿ, ನೀವು ಸಂತೆಗೆ ಕರ್ಕೊಂಡು ಹೋಗಿ ಬದನೆಕಾಯಿ ಕೈಗೆ ಕೊಟ್ಟು ಅದರ ಹೆಸರು ಹೇಳಿ. ಸುಮ್ನೆ ಇಂಗ್ಲಿಷ್ ಬೆರೆಸ್ಬೇಡಿ.

ಪ್ರಶ್ನೆ: ಒಂದು ವರ್ಷ ಎಂಟು ತಿಂಗಳ ಮಗಳು ಕಚ್ತಾಳೆ, ನನಗೂ, ಪಕ್ಕದ ಮನೆ ಮಗುಗೂ. ವಾಪಸ್ ಕಚ್ಚಿದ್ರೆ ಬುದ್ಧಿ ಬರುತ್ತೆ ಅಂತ ಎಲ್ಲಾ ಹೇಳ್ತಾರೆ. (ಉಡುಪಿ)

ಉತ್ತರ: ಖಂಡಿತ ಕಚ್ಬೇಡಿ. ಮಾತು ಬರದ ವಯಸ್ಸಲ್ಲಿ ಕಚ್ಚೋದು ಸಾಮಾನ್ಯ, ಮಾತು ಕೂಡ್ತಾ ಬಂದ ಹಾಗೆ ಕಮ್ಮಿ ಆಗುತ್ತೆ. ಯಾವಾಗ ಕಚ್ತಾಳೆ ಅಂತ ನಾಲ್ಕು ದಿನ ನೋಡಿ, ಹಲ್ಲು ಬರ್ತಿದ್ಯಾ, ನಿದ್ದೆ ಹೊತ್ತಾ, ಆಟದ ಸಾಮಾನು ಕಿತ್ಕೊಂಡಾಗ್ಲಾ. ಆ ಹೊತ್ತಿಗೆ ಮುಂಚೆನೇ ನೀವು ಹತ್ರ ಇರಿ, ಬಾಯಿ ಹೋಗೋ ಮೊದಲು ಕೈ ಅಡ್ಡ ಇಟ್ಟು "ಕಚ್ಚೋದು ಬೇಡ, ನೋವಾಗುತ್ತೆ" ಅಂತ ಒಂದೇ ಸಲ ಹೇಳಿ. ಕಚ್ಚಿಬಿಟ್ರೆ ಮೊದಲು ಕಚ್ಚಿಸ್ಕೊಂಡ ಮಗುನ ಎತ್ಕೊಳಿ.

ಪ್ರಶ್ನೆ: ಸ್ಕೂಲ್ ವ್ಯಾನ್ 7:50ಕ್ಕೆ ಬರುತ್ತೆ, ನಾನೂ ಅದ್ರಲ್ಲೇ ಹೋಗೋದು, ಹೋಗ್ತಾ ಮಗನ್ನ ಅಮ್ಮನ ಮನೆಗೆ ಬಿಡ್ಬೇಕು. ಎರಡು ವರ್ಷ ಮೂರು ತಿಂಗಳು. ಚಪ್ಪಲಿ ತಾನೇ ಹಾಕ್ಕೋತೀನಿ ಅಂತ ಬಾಗಿಲಲ್ಲಿ ಕೂತ್ಬಿಡ್ತಾನೆ. ಮಾಡೋಕೆ ಬಿಡ್ಬೇಕು ಅಂತ ಟೀಚರಾಗಿ ಗೊತ್ತು, ಬಿಟ್ರೆ ವ್ಯಾನ್ ಹೋಗುತ್ತೆ. (ಬೆಂಗಳೂರು)

ಉತ್ತರ: ಬಿಡಿ, ಆದ್ರೆ 7:45ಕ್ಕಲ್ಲ. ತಿಂಡಿಗೂ ಮುಂಚೆ, ನಿಮ್ಮ ಜಡೆ ಹಾಕ್ಕೊಳೋ ಹೊತ್ತಿಗೆ ಅವನನ್ನ ಚಪ್ಪಲಿ ಹತ್ರ ಕೂರಿಸಿ, ಹಾಕ್ಕೊಂಡು ಮನೆಯೊಳಗೇ ಓಡಾಡ್ಲಿ, ಅದಕ್ಕೇಂತ ಒಂದು ಜೊತೆ ಶುಭ್ರವಾಗಿರೋದು ಇಟ್ರೆ ಮನೆಯವ್ರೂ ಬೈಯಲ್ಲ. ಬಕಲ್ ಇರೋದು ಬೇಡ, ಅಗಲ ಬಾಯಿಯ ವೆಲ್ಕ್ರೋ ತಗೊಳಿ. ಎಡ ಬಲ ಗೊತ್ತಾಗೋಕೆ ಎರಡನ್ನೂ ಸರಿಯಾಗಿ ಜೋಡಿಸಿ ಅವನ ಎದುರಿಗೆ ಇಡಿ, ಅದಲುಬದಲು ಹಾಕ್ಕೊಂಡ್ರೂ ಬದಲಾಯಿಸ್ಬೇಡಿ, ಕಾಲಿಗೆ ಹಿಂಸೆ ಅನ್ಸಿದಾಗ ಅವನೇ ಬಿಚ್ತಾನೆ. ಮಳೆ, ಲೇಟು, ಹುಷಾರಿಲ್ಲ ಅನ್ನೋ ದಿನ "ಇವತ್ತು ಅಮ್ಮ ಹಾಕ್ತಾಳೆ, ಸಾಯಂಕಾಲ ನೀನು" ಅಂತ ಹೇಳಿ ಹಾಕಿ ಎತ್ಕೊಂಡು ಹೊರಡಿ, ಅಳ್ತಾನೆ, ಅಳ್ಲಿ, ವ್ಯಾನ್ ಹತ್ತಿದ್ಮೇಲೆ ಸಮಾಧಾನ ಮಾಡಿ. ಸಾಯಂಕಾಲ ಮಾತ್ರ ಮರೀಬೇಡಿ, ಅಜ್ಜಿ ಮನೆ ಮೆಟ್ಟಿಲ ಮೇಲೆ ಕೂರಿಸಿ ಅವನಿಗೆ ಬೇಕಾದಷ್ಟು ಹೊತ್ತು ಕೊಡಿ.